1962ರ ಚೀನಾ ಯುದ್ಧದಲ್ಲಿ ನಮ್ಮವರು ಅಷ್ಟು ಜನ ಯಾಕೆ ತೀರಿಹೋದರು? ಮಗ ಕೇಳಿದ ಪ್ರಶ್ನೆ, ಗೊತ್ತಿರುವವರು ಹೇಳಿ

ನಾಪೋಕ್ಲು ತೋಟ:

ಹೋದ ಭಾನುವಾರ ಮಗನನ್ನು ಕರೆದುಕೊಂಡು ಮಡಿಕೇರಿಯ ಸನ್ನಿಸೈಡ್‌ಗೆ ಹೋಗಿದ್ದೆ. ಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮನೆ, 2021ರಿಂದ ಮ್ಯೂಸಿಯಂ ಆಗಿದೆ. ಹುಡುಗ ಹತ್ತನೇ ಕ್ಲಾಸು. ಎಲ್ಲ ನೋಡಿದ, ಒಂದು ಮಾತೂ ಆಡಲಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ ಕೇಳಿದ: "ಅಪ್ಪ, ಅರವತ್ತೆರಡರಲ್ಲಿ ಒಂದೇ ತಿಂಗಳಲ್ಲಿ ಅಷ್ಟು ಜನ ಯಾಕೆ ಸತ್ತರು?"

ನಾನು ಎಲ್ಲರೂ ಹೇಳುವುದನ್ನೇ ಹೇಳಿದೆ. ನಮ್ಮ ಹತ್ತಿರ ಹಳೇ ಬಂದೂಕು ಇತ್ತು, ಚಳಿಗೆ ಬಟ್ಟೆ ಇರಲಿಲ್ಲ, ಅವರು ತುಂಬ ಜನ ಇದ್ದರು. ಅವನು ಸುಮ್ಮನಾದ. ನನಗೆ ಸಮಾಧಾನ ಆಗಲಿಲ್ಲ.

ರಾತ್ರಿ ಕೂತು ಸರ್ಕಾರದ ಲೆಕ್ಕ ನೋಡಿದೆ. ಸತ್ತವರು 1,383. ಕಾಣೆಯಾದವರು 1,696. ಸೆರೆ ಸಿಕ್ಕವರು 3,968. ಇದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಒಂದೇ: ಸತ್ತವರಿಗಿಂತ ಕಾಣೆಯಾದವರು ಹೆಚ್ಚು. ಬಂದೂಕು ಹಳೆಯದಾದರೆ ಜನ ಸಾಯುತ್ತಾರೆ, ಕಾಣೆ ಯಾಕೆ ಆಗುತ್ತಾರೆ?

ಈ ಪ್ರಶ್ನೆ ನನ್ನನ್ನು ಇಷ್ಟು ಹಿಡಿದಿರುವುದಕ್ಕೆ ಕಾರಣ ಇದೆ. ನಮ್ಮ ಅಜ್ಜಿಯ ತಮ್ಮ ಆ 1,696ರಲ್ಲಿ ಒಬ್ಬರು. ಸೇನೆಯ ಸಂದೇಶ ವಿಭಾಗವಾದ ಸಿಗ್ನಲ್ಸ್‌ನಲ್ಲಿದ್ದರು, ಮದುವೆ ಆಗಿರಲಿಲ್ಲ. ಮನೆಗೆ ಬಂದದ್ದು ಕಾಣೆಯಾಗಿದ್ದಾರೆ ಎಂಬ ತಂತಿ ಮಾತ್ರ. ಅಜ್ಜಿ ಇರುವ ತನಕ ಕುಟುಂಬದ ಮೂಲ ಮನೆಯಾದ ಐನ್‌ಮನೆಯಲ್ಲಿ, ತೀರಿಹೋದ ಹಿರಿಯರಿಗೆ ಎಡೆ ಇಡುವ ಕಾರಣಂಗ್ ಕೊಡ್ಪ ದಿನ ಅವರ ಹೆಸರಿನಲ್ಲಿ ಎಲೆ ಹಾಕಲು ಬಿಡಲಿಲ್ಲ. "ಸತ್ತ ಅಂತ ಯಾರು ಹೇಳಿದರು?" ಅನ್ನುತ್ತಿದ್ದರು. ಯಾರೂ ಹೇಳಿರಲಿಲ್ಲ, ಅದು ನಿಜ.

ಗೊತ್ತಿರುವವರು ಹೇಳಿ. ಮಗನಿಗೆ ಓದಿ ಹೇಳುತ್ತೇನೆ.

ಸುಬೇದಾರ್ (ನಿವೃತ್ತ), ಸಿದ್ದಾಪುರ:

ನಿಮ್ಮ ಮಗನಿಗೆ ನನ್ನ ಆಶೀರ್ವಾದ ಹೇಳಿ. ನಾನು ಎಪ್ಪತ್ತೇಳರಲ್ಲಿ ಭರ್ತಿ ಆದವನು, ಆ ಲಡಾಯಿ ನೋಡಿದವನಲ್ಲ. ಆದರೆ ಅರುಣಾಚಲದ ತವಾಂಗ್ ಕಡೆ ಎರಡು ಚಳಿಗಾಲ ಕಳೆದಿದ್ದೇನೆ. ಅಲ್ಲಿ ನಿಂತು ನೋಡಿದವನಿಗೆ ಅರ್ಥ ಆಗುವುದು ಬಂದೂಕಿನ ವಿಷಯ ಅಲ್ಲ, ದಾರಿಯ ವಿಷಯ.

ಬೆಟ್ಟದ ತುದಿಯಲ್ಲಿ ಒಬ್ಬ ಜವಾನ ಮೋರ್ಚಾದಲ್ಲಿ ಕೂತಿದ್ದಾನೆ ಅಂತ ಇಟ್ಟುಕೊಳ್ಳಿ. ಅವನ ರಾಶನ್, ಸೀಮೆಎಣ್ಣೆ, ಗುಂಡು, ಕಂಬಳಿ, ಮುಳ್ಳುತಂತಿ, ಹಾರೆ, ಗುದ್ದಲಿ ಎಲ್ಲ ಯಾರದೋ ಬೆನ್ನ ಮೇಲೆ ಬರಬೇಕು. ಹೊರುವವನಿಗೂ ಹೊಟ್ಟೆ ಇದೆ. ನಾಲ್ಕು ದಿನದ ದಾರಿ ಆದರೆ ಹೋಗುವ ನಾಲ್ಕು ದಿನ, ಬರುವ ಮೂರು ದಿನ ತಾನು ತಿನ್ನುವುದನ್ನೂ ಅವನೇ ಹೊರಬೇಕು. ರಾತ್ರಿ ಹೊದೆಯುವುದನ್ನೂ ಹೊರಬೇಕು. ಕೊನೆಗೆ ಮೋರ್ಚಾಕ್ಕೆ ಮುಟ್ಟುವುದು ಅರ್ಧ ಹೊರೆಯೂ ಅಲ್ಲ. ನಮ್ಮ ತೋಟದಲ್ಲಿ ಐವತ್ತು ಕೆಜಿ ಕಾಫಿ ಚೀಲ ಎತ್ತುವ ಗಟ್ಟಿ ಆಳನ್ನು ಹನ್ನೆರಡು ಸಾವಿರ ಅಡಿಗೆ ಕರೆದುಕೊಂಡು ಹೋಗಿ, ಇಪ್ಪತ್ತು ಕೆಜಿ ಹೊತ್ತರೆ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಾನೆ.

ಆಗ ನಮ್ಮ ಗಾಡಿ ರಸ್ತೆ ತವಾಂಗ್‌ಗೇ ನಿಂತು ಹೋಗುತ್ತಿತ್ತು. ಅಲ್ಲಿಂದ ಗಡಿಯ ನಾಮ್ಕಾ ಚು ಹೊಳೆಗೆ ಕಾಲುದಾರಿ, ದಿನಗಟ್ಟಲೆ ನಡಿಗೆ. ಆ ಕಡೆಯವರಿಗೆ ಥಾಗ್‌ಲಾ ಬೆಟ್ಟದ ಹಿಂದಿನ ತನಕ ಲಾರಿ ಬರುತ್ತಿತ್ತು. ನಿಮ್ಮ ಮಗನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ವಿರಾಜಪೇಟೆ ಮೇಷ್ಟ್ರು:

ಸುಬೇದಾರ್ ಸಾಹೇಬರು ಹೇಳಿದ್ದಕ್ಕೆ ಇತಿಹಾಸ ಮೇಷ್ಟ್ರಾಗಿ ತಾರೀಕುಗಳನ್ನು ಸೇರಿಸುತ್ತೇನೆ.

1961ರ ನವೆಂಬರಿನಲ್ಲಿ ದೆಹಲಿ ತೆಗೆದುಕೊಂಡ ತೀರ್ಮಾನದಂತೆ ಗಡಿಯುದ್ದಕ್ಕೂ ಮುಂದೆ ಮುಂದೆ ಸಣ್ಣ ಸಣ್ಣ ಠಾಣೆಗಳನ್ನು ಹಾಕುತ್ತ ಹೋದರು. ನಾವು ಹೋಗಿ ಕೂತರೆ ಚೀನಾದವರು ಗುಂಡು ಹಾರಿಸುವುದಿಲ್ಲ ಎಂಬ ನಂಬಿಕೆ. ಹಾಗೆ ನಾಮ್ಕಾ ಚು ಹೊಳೆಯ ಹತ್ತಿರ ಹಾಕಿದ ಢೋಲಾ ಠಾಣೆ 1962ರ ಜೂನ್‌ನಲ್ಲಿ ಬಂತು. ಸೆಪ್ಟೆಂಬರ್ 8ರಂದು ಚೀನಾದ ಪಡೆ ಅದರ ಮೇಲಿನ ಇಳಿಜಾರಿಗೆ ಬಂದು ಕೂತಿತು. ಅದನ್ನು ಉಳಿಸಲು ಬ್ರಿಗೇಡಿಯರ್ ದಳವಿ ಅವರ 7ನೇ ಬ್ರಿಗೇಡನ್ನು ಹೊಳೆಯ ದಡಕ್ಕೆ ಇಳಿಸಿದರು. ಇಳಿಸಿದರು ಎಂಬ ಮಾತನ್ನು ಬೇಕೆಂದೇ ಬರೆದಿದ್ದೇನೆ. ಚೀನಾದವರು ಮೇಲೆ, ನಮ್ಮವರು ಕಣಿವೆಯ ತಳದಲ್ಲಿ. ನಮ್ಮ ಒಂದೊಂದು ಬಂಕರೂ ಮೇಲಿನವರ ಕಣ್ಣಿಗೆ ಅಂಗಳದಂತೆ ಕಾಣುತ್ತಿತ್ತು.

ಸಾಮಾನನ್ನು ತ್ಸಾಂಗ್‌ಧರ್ ಎಂಬಲ್ಲಿ ವಿಮಾನದಿಂದ ಬೀಳಿಸುತ್ತಿದ್ದರು. ಬಿದ್ದದ್ದರಲ್ಲಿ ಬಹಳಷ್ಟು ಕಮರಿಗೆ ಉರುಳಿ ಹೋಯಿತು. ಹತ್ತಿಯ ಬಟ್ಟೆಯಲ್ಲಿ ಬಂದವರು, ಒಬ್ಬೊಬ್ಬರ ಹತ್ತಿರ ಐವತ್ತರಷ್ಟೇ ಗುಂಡು. ತೋಪುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಆ ಜಾಗ ಸರಿಯಿಲ್ಲ ಎಂದು ಅಲ್ಲಿದ್ದವರು ಮೇಲಿನವರಿಗೆ ತಿಳಿಸಿದ್ದರು. ಅಕ್ಟೋಬರ್ 10ರಂದು ತ್ಸೆಂಗ್ ಜಾಂಗ್ ಎಂಬಲ್ಲಿ ನಮ್ಮ 9 ಪಂಜಾಬ್ ಪಲ್ಟನ್ನಿನ ಸಣ್ಣ ತುಕಡಿಯ ಮೇಲೆ ಚೀನಾದವರು ದೊಡ್ಡ ಸಂಖ್ಯೆಯಲ್ಲಿ ಬಿದ್ದಾಗಲೇ ಎದುರಿನವರ ಬಲ ಎಷ್ಟು ಎಂದು ಕಣ್ಣಾರೆ ಕಂಡಾಗಿತ್ತು. ಆದರೂ ಬ್ರಿಗೇಡನ್ನು ಹಿಂದೆ ತರಲಿಲ್ಲ.

ಅಕ್ಟೋಬರ್ 20ರ ಬೆಳಗಿನ ಜಾವ ದಾಳಿ. ನಮ್ಮಲ್ಲಿ ತುಲಾ ಸಂಕ್ರಮಣ ಮುಗಿದು, ಭಾಗಮಂಡಲದಿಂದ ತೀರ್ಥ ತಂದವರು ಇನ್ನೂ ಮನೆಮನೆಗೆ ಕೊಡುತ್ತಿದ್ದ ದಿನಗಳು. ಅಲ್ಲಿ ರಾತ್ರಿಯೇ ಚೀನಾದವರು ಹೊಳೆ ದಾಟಿ ನಮ್ಮವರ ಹಿಂದೆ ಬಂದು ಕೂತಿದ್ದರು. ತೋಪಿನ ಹೊಡೆತಕ್ಕೆ ಟೆಲಿಫೋನ್ ತಂತಿ ಹರಿಯಿತು. ಆಮೇಲೆ ಒಂದೊಂದು ಕಂಪನಿಯೂ ಒಂಟಿ. 2 ರಜಪೂತ್ ಪಲ್ಟನ್ನಿನಲ್ಲಿ ಆ ದಿನ ಇದ್ದವರು 513, ಸತ್ತವರು 282. ದಳವಿ ಅವರೇ 22ರಂದು ಸೆರೆ ಸಿಕ್ಕರು.

ಶನಿವಾರಸಂತೆ ಗೌಡ:

ಮೇಷ್ಟ್ರೇ, ಒಂದು ಮಾತು. ದಾರಿ ದಾರಿ ಅಂತ ಹೇಳಿ ದೊಡ್ಡವರ ತಪ್ಪನ್ನು ಬೆಟ್ಟದ ಮೇಲೆ ಹಾಕಬೇಡಿ. ನಮ್ಮ ತಿಮ್ಮಯ್ಯನವರು 1959ರಲ್ಲೇ ರಾಜೀನಾಮೆ ಕೊಟ್ಟರಲ್ಲ? ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವರ ಮಾತು ಕೇಳಲಿಲ್ಲ, ಪ್ರಧಾನಿ ನೆಹರೂ ರಾಜೀನಾಮೆ ವಾಪಸ್ ತೆಗೆಸಿದರು. ಅವರು 1961ರ ಮೇ ತಿಂಗಳಲ್ಲಿ ನಿವೃತ್ತಿ ಆದರು, ಮುಂದಿನ ವರ್ಷವೇ ಇದು ಆಯಿತು. ಅವರು ಇದ್ದಿದ್ದರೆ ಇಷ್ಟು ಜನ ಸಾಯುತ್ತಿರಲಿಲ್ಲ. ಇದನ್ನು ಕೊಡಗಿನವನು ಅಂತ ಹೇಳುತ್ತಿಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಹುಟ್ಟಿದ ಊರಿನವನಿಗೆ ಸೈನ್ಯದ ಬಗ್ಗೆ ಅಭಿಮಾನ ಇರುವುದು ತಪ್ಪೂ ಅಲ್ಲ.

ವಿರಾಜಪೇಟೆ ಮೇಷ್ಟ್ರು:

ಗೌಡರೇ, ಅಭಿಮಾನ ನನಗೂ ಇದೆ, ತಪ್ಪನ್ನು ಬೆಟ್ಟದ ಮೇಲೆ ಹಾಕುತ್ತಿಲ್ಲ. ಬೆಟ್ಟ ಮೊದಲಿನಿಂದಲೂ ಅಲ್ಲೇ ಇತ್ತು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದವರದ್ದೇ ತಪ್ಪು.

ತಿಮ್ಮಯ್ಯನವರು ಮುಖ್ಯಸ್ಥರಾಗಿದ್ದಾಗ ಪೂರ್ವ ಕಮಾಂಡಿನ ಜನರಲ್ ಥೋರಟ್ ಒಂದು ಯೋಜನೆ ಕೊಟ್ಟಿದ್ದರು. ಗಡಿಯಂಚಿನಲ್ಲೇ ನಿಂತು ಹೊಡೆದಾಡುವುದು ಬೇಡ. ಗಡಿಯಲ್ಲಿ ಕಾವಲು ಮಾತ್ರ ಇರಲಿ. ನಿಜವಾದ ಹೋರಾಟವನ್ನು ಹಿಂದೆ, ಬೊಮ್ಡಿಲಾದ ಸಾಲಿನಲ್ಲಿ ಮಾಡೋಣ. ಅಲ್ಲಿಗೆ ನಮ್ಮ ಲಾರಿ ಬರುತ್ತದೆ, ಅವರು ಮಾತ್ರ ಹಿಮದ ಕಣಿವೆಗಳನ್ನು ದಾಟಿ ಹೊತ್ತು ತರಬೇಕು. 1960ರಲ್ಲಿ ಲಖನೌನಲ್ಲಿ ಲಾಲ್ ಕಿಲಾ ಎಂಬ ಹೆಸರಿನಲ್ಲಿ ಇದನ್ನು ಕಾಗದದ ಮೇಲೆ ಆಡಿಯೂ ನೋಡಿದರು. ತಿಮ್ಮಯ್ಯನವರು ಒಪ್ಪಿ ಮೇಲೆ ಕಳಿಸಿದ ಆ ಯೋಜನೆ ಮಂತ್ರಿಯ ಹತ್ತಿರ ನಿಂತಿತು.

ಆದರೆ ಅವರು ಇದ್ದಿದ್ದರೆ ಗೆಲ್ಲುತ್ತಿದ್ದೆವು ಎನ್ನುವುದಕ್ಕೆ ತಿಮ್ಮಯ್ಯನವರೇ ಒಪ್ಪುತ್ತಿರಲಿಲ್ಲ. 1962ರ ಜುಲೈನಲ್ಲಿ, ಯುದ್ಧಕ್ಕೆ ಮೂರು ತಿಂಗಳು ಮೊದಲು, ಒಂದು ಮಾಸಿಕದಲ್ಲಿ ಅವರು ಬರೆದದ್ದು ಸ್ಪಷ್ಟವಾಗಿದೆ: ಚೀನಾದ ಜೊತೆ ಭಾರತ ಒಂಟಿಯಾಗಿ ಬಹಿರಂಗ ಯುದ್ಧಕ್ಕೆ ಇಳಿಯುವುದನ್ನು ಸೈನಿಕನಾಗಿ ನನಗೆ ಕಲ್ಪಿಸಿಕೊಳ್ಳಲೂ ಆಗುವುದಿಲ್ಲ, ದೇಶದ ಭದ್ರತೆಯನ್ನು ರಾಜಕಾರಣಿಗಳು, ರಾಜತಾಂತ್ರಿಕರು ನೋಡಿಕೊಳ್ಳಬೇಕು. ಬಲ ಎಷ್ಟಿದೆ ಎಂದು ಗೊತ್ತಿದ್ದವರ ಮಾತು ಇದು. ಅದೇ ಅಕ್ಟೋಬರ್ 12ರಂದು ಸಿಲೋನಿಗೆ ಹೊರಟ ಪ್ರಧಾನಿ, ನಮ್ಮ ನೆಲದಿಂದ ಚೀನೀಯರನ್ನು ಹೊರದಬ್ಬಲು ಸೈನ್ಯಕ್ಕೆ ಹೇಳಿದ್ದೇನೆ ಎಂದರು. ಆ ಎರಡು ಮಾತುಗಳ ನಡುವೆ ಸಿಕ್ಕಿಕೊಂಡವರು ಹೊಳೆ ದಡದ ಆ ಹುಡುಗರು.

ಸುಬೇದಾರ್ (ನಿವೃತ್ತ), ಸಿದ್ದಾಪುರ:

ಗೌಡರೇ, ತಿಮ್ಮಯ್ಯ ಸಾಹೇಬರು ಏನು ಮಾಡುತ್ತಿದ್ದರು ಅಂತ ಊಹೆ ಮಾಡುವ ಬದಲು ಏನು ಮಾಡಿದ್ದರು ಅಂತ ನೋಡಿ. 1948ರ ಕಾಶ್ಮೀರ ಲಡಾಯಿ, ಜೋಜಿಲಾ ಘಾಟಿ. ಸೆಪ್ಟೆಂಬರಿನಲ್ಲಿ ನೇರವಾಗಿ ಹತ್ತಲು ಹೋದ ನಮ್ಮ ಬ್ರಿಗೇಡ್ ಪೆಟ್ಟು ತಿಂದು ನಿಂತಿತು. ಇನ್ನೊಂದು ಸಲ, ಮತ್ತೊಂದು ಸಲ ಅಂತ ಅದೇ ಜಾಗಕ್ಕೆ ಜನರನ್ನು ನುಗ್ಗಿಸುತ್ತಲೇ ಹೋಗಲಿಲ್ಲ. ಸೇನೆಯ ದಾರಿ ಕಟ್ಟುವ ಮದ್ರಾಸ್ ಸ್ಯಾಪರ್ಸ್ ಬಂದು ಬಾಲ್ತಾಲಿನಿಂದ ಹೇಸರಗತ್ತೆ ದಾರಿಯನ್ನು ಟ್ಯಾಂಕ್ ಹತ್ತುವಷ್ಟು ಅಗಲ ಮಾಡಿದರು. 7 ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಬಿಚ್ಚಿ, ಮುಚ್ಚಿಕೊಂಡು, ಯಾರಿಗೂ ಗೊತ್ತಾಗದ ಹಾಗೆ ತಂದರು. ನವೆಂಬರ್ 1ಕ್ಕೆ ಹನ್ನೊಂದು ಸಾವಿರ ಅಡಿಗೂ ಮೇಲೆ ಟ್ಯಾಂಕ್ ನೋಡಿದಾಗ ಎದುರಿನವರು ಕಂಗಾಲು. ಸಾಹೇಬರು ತಾವೇ ಮುಂದಿನ ಟ್ಯಾಂಕಿನಲ್ಲಿ ಇದ್ದರು. ಅವರಿಗೆ ಮೇಲಿನ ಕಮಾಂಡಿನಲ್ಲಿ ಕಾರ್ಯಪ್ಪ ಸಾಹೇಬರು.

ಮೊದಲು ದಾರಿ, ಆಮೇಲೆ ತೋಪು, ಆಮೇಲೆ ಜನ. ನಾಮ್ಕಾ ಚುವಿನಲ್ಲಿ ಮೊದಲು ಜನ. ಉಳಿದ ಎರಡೂ ಬರಲೇ ಇಲ್ಲ.

ಕುಶಾಲನಗರ ಸಿಸ್ಟರ್:

ಸೇನಾ ಆಸ್ಪತ್ರೆಗಳಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವಳು ನಾನು. ಎಲ್ಲರೂ ಗುಂಡಿನ ಲೆಕ್ಕ ಹೇಳುತ್ತಿದ್ದೀರಿ, ಗುಂಡು ತಾಗದೆ ಹೋದವರ ಬಗ್ಗೆ ಸ್ವಲ್ಪ ಕೇಳಿ.

ಬಯಲಿನಿಂದ ಬಂದ ಗಟ್ಟಿಮುಟ್ಟಾದ ಹುಡುಗನನ್ನು ಎರಡು ಮೂರು ದಿನದಲ್ಲಿ ಹನ್ನೆರಡು ಸಾವಿರ ಅಡಿಗೆ ಹತ್ತಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮೊದಲು ಕೆಮ್ಮು, ಆಮೇಲೆ ನೊರೆ, ನೊರೆಯಲ್ಲಿ ರಕ್ತದ ಬಣ್ಣ, ತುಟಿ ನೀಲಿ. ಆ ಕಾಲದಲ್ಲಿ ಬಹಳ ಕಡೆ ಇದನ್ನು ನ್ಯುಮೋನಿಯಾ ಎಂದೇ ತಿಳಿಯುತ್ತಿದ್ದರು. ನಿಜವಾದ ಮದ್ದು ಒಂದೇ, ತಕ್ಷಣ ಕೆಳಗೆ ಇಳಿಸುವುದು. ಇಳಿಸಲು ದಾರಿಯೇ ಇಲ್ಲದಿದ್ದರೆ? ಸುಬೇದಾರ್ ಅಣ್ಣ ಹೇಳಿದ ಆ ದಾರಿ ಮೇಲೆ ಹೋಗುವ ರಾಶನ್‌ಗೆ ಮಾತ್ರ ಅಲ್ಲ, ಕೆಳಗೆ ಬರುವ ಸ್ಟ್ರೆಚರ್‌ಗೂ ಬೇಕು. ಒಬ್ಬ ಗಾಯಾಳುವನ್ನು ಹೊರಲು ನಾಲ್ಕು ಜನ, ಕೈ ಬದಲಿಸಲು ಇನ್ನೂ ನಾಲ್ಕು ಜನ.

ಈಗ ನಿಯಮ ಇದೆ. ಒಂಬತ್ತು ಸಾವಿರ ಅಡಿ ದಾಟಿದ ಮೇಲೆ ಆರು ದಿನ, ಹನ್ನೆರಡು ಸಾವಿರ ದಾಟಿದರೆ ಮತ್ತೆ ನಾಲ್ಕು ದಿನ, ಹದಿನೈದು ಸಾವಿರಕ್ಕೆ ಇನ್ನೂ ನಾಲ್ಕು ದಿನ ದೇಹ ಒಗ್ಗಿಸಿಕೊಂಡೇ ಮುಂದೆ ಕಳಿಸುವುದು. ಆ ಯುದ್ಧದ ಮತ್ತು ಆನಂತರದ ವರ್ಷಗಳ ಜವಾನರನ್ನು ಪರೀಕ್ಷಿಸಿ ನಮ್ಮ ಸೇನಾ ವೈದ್ಯರು ಬರೆದ ಅಧ್ಯಯನಗಳನ್ನು ಹೊರದೇಶದ ವೈದ್ಯರೂ ಇವತ್ತಿಗೂ ಓದುತ್ತಾರೆ. ಕಲಿತದ್ದು ಎಷ್ಟು ಬೆಲೆ ಕೊಟ್ಟು ಅಂತ ಪ್ರತಿ ಸಲ ಆ ಹದಿನಾಲ್ಕು ದಿನ ಎಣಿಸುವಾಗ ನನಗೆ ನೆನಪಾಗುತ್ತಿತ್ತು.

ಮಡಿಕೇರಿ ಹುಡುಗಿ:

ನನ್ನದೊಂದು ಪ್ರಶ್ನೆ. ದಿನಾ ಕಾಲೇಜಿಗೆ ಹೋಗುವಾಗ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಪ್ರತಿಮೆ ನೋಡುತ್ತೇನೆ. 1965ರಲ್ಲಿ ಅವರು ಪಾಕಿಸ್ತಾನದ ಸರ್ಗೋಧಾ ದಾಳಿಗೆ ಹೋಗಿ, ಹಳೇ ಮಿಸ್ಟೇರ್ ವಿಮಾನದಲ್ಲಿ ಅವರ ಸ್ಟಾರ್‌ಫೈಟರ್ ವಿಮಾನವನ್ನು ಹೊಡೆದು ಬೀಳಿಸಿದರು. ಅಂಥವರು ನಮ್ಮ ವಾಯುಪಡೆಯಲ್ಲಿ 1962ರಲ್ಲೂ ಇದ್ದರಲ್ಲ? ಯಾಕೆ ಕಳಿಸಲಿಲ್ಲ?

ವಿರಾಜಪೇಟೆ ಮೇಷ್ಟ್ರು:

ಇದ್ದರು ಮಗಳೇ. ಸಾಮಾನು ಸಾಗಿಸುವ ವಿಮಾನಗಳು, ಹೆಲಿಕಾಪ್ಟರುಗಳು ಹಗಲಿಡೀ ಹಾರಿದವು, ಆ ಪೈಲಟ್‌ಗಳ ಧೈರ್ಯ ದೊಡ್ಡದು. ಬಾಂಬು ಹಾಕುವ ವಿಮಾನಗಳನ್ನು ಮಾತ್ರ ಕಳಿಸಲಿಲ್ಲ. ಕಳಿಸಿದರೆ ಚೀನಾ ನಮ್ಮ ಊರುಗಳ ಮೇಲೆ ಬಾಂಬು ಹಾಕಬಹುದು ಎಂಬ ಭಯ. ಟಿಬೆಟಿನ ಎತ್ತರದ ನೆಲದಿಂದ ಭಾರ ಹೊತ್ತು ಏಳುವುದು ಅವರ ವಿಮಾನಗಳಿಗೇ ಕಷ್ಟ ಎನ್ನುವುದನ್ನು ಯಾರೂ ಗಟ್ಟಿಯಾಗಿ ತೂಗಲಿಲ್ಲ. ನನ್ನ ಅಭಿಪ್ರಾಯದಲ್ಲಿ ತವಾಂಗ್‌ನಿಂದ ಬೊಮ್ಡಿಲಾಕ್ಕೆ ಬರುವ ಸೇಲಾ ರಸ್ತೆಯ ಮೇಲೆ ಅದು ದೊಡ್ಡ ವ್ಯತ್ಯಾಸ ಮಾಡುತ್ತಿತ್ತು. ನಾಮ್ಕಾ ಚುವಿನ ದಟ್ಟ ಕಾಡಿನ ಕಣಿವೆಯಲ್ಲಿ ಅಷ್ಟಿಲ್ಲ.

ಪೊನ್ನಂಪೇಟೆ ಬಾಣೆ:

ಎಲ್ಲರೂ ಒಂದು ಮಾತು ಮರೆಯುತ್ತಿದ್ದೀರಿ. ಲಡಾಖಿನ ರೆಜಾಂಗ್‌ಲಾದಲ್ಲಿ ಸತ್ತದ್ದೂ ದಾರಿ ಇಲ್ಲದೆಯೋ? ಅಲ್ಲಿ ಕೊನೆಯ ಗುಂಡಿನ ತನಕ ಹೊಡೆದಾಡಿ ಸತ್ತರು. ಅದನ್ನು ಇದರ ಜೊತೆ ಸೇರಿಸಬೇಡಿ.

ಸುಬೇದಾರ್ (ನಿವೃತ್ತ), ಸಿದ್ದಾಪುರ:

ಸೇರಿಸುವುದಿಲ್ಲ. ನೀವು ಹೇಳಿದ್ದು ಸರಿ. ನವೆಂಬರ್ 18, ಮೇಜರ್ ಶೈತಾನ್ ಸಿಂಗ್, 13 ಕುಮಾಊಂನ ಚಾರ್ಲಿ ಕಂಪನಿ. ಸುಮಾರು 120 ಜನರಲ್ಲಿ 114 ಜನ ಹೋದರು. ಬಹಳಷ್ಟು ಹರಿಯಾಣದ ಬಯಲಿನ ಹುಡುಗರು, ಹದಿನಾರು ಸಾವಿರ ಅಡಿಯ ಮೇಲೆ. ನಮ್ಮ ತಡಿಯಂಡಮೋಳ್ ಬೆಟ್ಟವನ್ನು ಒಂದರ ಮೇಲೊಂದು ಇಟ್ಟರೂ ಎರಡು ಸಾಲದು, ಮೂರರ ಹತ್ತಿರ ಬೇಕು. ಯುದ್ಧ ಮುಗಿದ ಮೇಲೆ ಒಬ್ಬ ಕುರಿಗಾಹಿ ಮೊದಲು ಕಂಡ. ಹಿಮದಲ್ಲಿ ಸೆಟೆದು ಮೋರ್ಚಾದಲ್ಲೇ ಇದ್ದರು, ಕೈಯಲ್ಲಿ ಹತಿಯಾರ್ ಹಿಡಿದು. ನಾವು ಆಯುಧ ಪೂಜೆಯ ಕೈಲ್‌ಪೊಳ್ದ್ ದಿನ ತೋಕಿಗೆ, ಅಂದರೆ ಬಂದೂಕಿಗೆ, ತೋಕ್ ಪೂ ಹೂವು ಇಟ್ಟು ಕೈಮುಗಿಯುವಾಗ ನಾನು ಅವರನ್ನು ನೆನೆಯುತ್ತೇನೆ.

ಆದರೆ ಅವರ ಕೈಯಲ್ಲಿದ್ದದ್ದೂ ಅದೇ .303 ಬಂದೂಕು. ನಾಪೋಕ್ಲು ಅವರ ಮಗನಿಗೆ ಇದನ್ನು ಹೇಳಬೇಕು. ಅಲ್ಲಿ ಅಷ್ಟು ಜನ ಸಾಯಲು ಒಂದು ಕಾರಣ, ಚುಶೂಲಿನಲ್ಲಿದ್ದ ನಮ್ಮ ತೋಪುಗಳಿಗೂ ಅವರಿಗೂ ನಡುವೆ ಗುಡ್ಡ ಅಡ್ಡ. ತೋಪು ಇತ್ತು, ಗುಂಡು ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಅಲ್ಲಿ ಕಾಣೆಯಾದವರ ಪಟ್ಟಿ ಉದ್ದ ಬೆಳೆಯಲಿಲ್ಲ. ನಿಂತಲ್ಲೇ ಸತ್ತವರು ಸಿಗುತ್ತಾರೆ.

ನಾಪೋಕ್ಲು ತೋಟ:

ಹಾಗಾದರೆ ನಮ್ಮ ಅಜ್ಜಿಯ ತಮ್ಮ ನಿಂತಲ್ಲಿ ಇರಲಿಲ್ಲ. ಇದನ್ನು ಕೇಳಲು ಕಷ್ಟ ಆಗುತ್ತದೆ, ಆದರೂ ಹೇಳಿ. ಅವರ ಕೊನೆಯ ಕಾಗದ ನವೆಂಬರ್ ಮೊದಲ ವಾರದ್ದು. ಊರಿನ ಹೆಸರಿಲ್ಲ, ಸೇನಾ ಅಂಚೆಯ ಎ.ಪಿ.ಓ. ನಂಬರ್ ಮಾತ್ರ. "ಇಲ್ಲಿ ಎತ್ತರದ ಒಂದು ಕಣಿವೆ ಇದೆ, ಕೆಳಗೆ ಒಂದೇ ರಸ್ತೆ, ಲಾರಿ ನಮ್ಮ ತನಕ ಬರುತ್ತದೆ" ಎಂದು ಬರೆದಿದ್ದಾರೆ. ಪುತ್ತರಿ ಹಬ್ಬಕ್ಕೆ ಬರಲು ಆಗುವುದಿಲ್ಲ ಅಂತಲೂ.

ವಿರಾಜಪೇಟೆ ಮೇಷ್ಟ್ರು:

ಎತ್ತರದ ಕಣಿವೆ, ಒಂದೇ ರಸ್ತೆ. ಸೇಲಾ ಇರಬಹುದು.

ತವಾಂಗ್ ಕೈತಪ್ಪಿ ಹೋದ ಮೇಲೆ ನಮ್ಮವರು ಹಿಂದೆ ಬಂದು ನಿಂತದ್ದು ಅಲ್ಲೇ, ಬೆಟ್ಟದ ಸಾಲು ದಾಟುವ ಸುಮಾರು ಹದಿನಾಲ್ಕು ಸಾವಿರ ಅಡಿಯ ಕಣಿವೆದಾರಿ. ಬ್ರಿಗೇಡಿಯರ್ ಹೋಶಿಯಾರ್ ಸಿಂಗ್ ಅವರ 62ನೇ ಬ್ರಿಗೇಡ್. ಅದಕ್ಕೂ ಮುಂದೆ ನೂರಾನಾಂಗ್‌ನಲ್ಲಿ 4 ಗಢವಾಲ್ ಪಲ್ಟನ್ ನವೆಂಬರ್ 17ರಂದು ಒಂದರ ಹಿಂದೊಂದು ದಾಳಿಯನ್ನು ತಡೆದು ನಿಂತಿತು. ಸೇಲಾದಲ್ಲಿ ನಿಲ್ಲಬಹುದಿತ್ತು ಎನ್ನುವುದಕ್ಕೆ ಅದೇ ಸಾಕ್ಷಿ.

ಆದರೆ ಚೀನಾದ ಪಡೆ ರಸ್ತೆ ಬಿಟ್ಟು ಪೋಶಿಂಗ್‌ಲಾ ಕಾಲುದಾರಿಯಲ್ಲಿ ಬೆಟ್ಟ ಸುತ್ತಿ ಬಂದು, ಸೇಲಾ ಮತ್ತು ಬೊಮ್ಡಿಲಾದ ನಡುವೆ ಆ ಒಂದೇ ರಸ್ತೆಯನ್ನು ಕತ್ತರಿಸಿತು. ಅದು ಗುಪ್ತ ದಾರಿಯೇನೂ ಅಲ್ಲ. 1913ರಲ್ಲೇ ಬೈಲಿ ಎಂಬ ಬ್ರಿಟಿಷ್ ಅಧಿಕಾರಿ ನಡೆದ ದಾರಿ. ದೊಡ್ಡ ಪಡೆ ಅಲ್ಲಿ ಬರಲಾರದು ಎಂದುಕೊಂಡಿದ್ದರು. ಸುದ್ದಿ ಮುಟ್ಟಿದಾಗ ಮೇಲಿನವರಲ್ಲಿ ನಿಲ್ಲಿ, ಹೊರಡಿ ಎಂಬ ಗೊಂದಲ. 17ರ ರಾತ್ರಿ ಸೇಲಾ ಬಿಟ್ಟು ಹೊರಟರು. ರಾತ್ರಿ, ಹಿಮ, ಮುಂದೆ ಕತ್ತರಿಸಿದ ರಸ್ತೆ, ಎರಡೂ ಬದಿಯ ಬೆಟ್ಟದಿಂದ ಗುಂಡು. ಕಂಪನಿಗಳು ಚದುರಿ ಗುಂಪುಗಳಾದವು, ಗುಂಪುಗಳು ಇಬ್ಬರು ಮೂವರಾದವು. ಕೆಲವರು ಭೂತಾನ್ ಹೊಕ್ಕು ವಾರಗಟ್ಟಲೆ ನಡೆದು ಬಯಲು ಸೇರಿದರು. ಎಷ್ಟೋ ಜನ ಸೇರಲಿಲ್ಲ. ಹೋಶಿಯಾರ್ ಸಿಂಗ್ ಅವರೂ ಆ ದಾರಿಯಲ್ಲೇ ಹತರಾದರು. 21ಕ್ಕೆ ಚೀನಾ ತಾನಾಗಿ ಕದನ ನಿಲ್ಲಿಸಿತು.

ಕಾಣೆಯಾದವರ ಲೆಕ್ಕ ಸತ್ತವರದ್ದಕ್ಕಿಂತ ಹೆಚ್ಚಿರುವುದು ಇದರಿಂದ. ನಾಮ್ಕಾ ಚುವಿನಲ್ಲಿ ರಣಭೂಮಿ ಅವರ ಕೈಯಲ್ಲೇ ಉಳಿದದ್ದರಿಂದ ಅಲ್ಲಿಯವರೂ ಆ ಪಟ್ಟಿಯಲ್ಲಿ ಸೇರಿದ್ದಾರೆ, ಅದನ್ನೂ ಹೇಳಬೇಕು. ನಿಮ್ಮವರು ನಿಂತಲ್ಲಿ ಇರಲಿಲ್ಲ ಎಂದು ನೊಂದುಕೊಳ್ಳಬೇಡಿ. ನಿಲ್ಲಿ ಎಂದು ಕೊನೆಯ ತನಕ ಒಂದೇ ಮಾತು ಹೇಳಿದ್ದರೆ ನಿಲ್ಲುತ್ತಿದ್ದರು.

ಶನಿವಾರಸಂತೆ ಗೌಡ:

ಓದಿ ತುಂಬ ಹೊತ್ತು ಸುಮ್ಮನೆ ಕೂತೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡ ಕುಸಿದಾಗ ನನ್ನ ಅಕ್ಕನ ಮನೆಯವರು ಮಡಿಕೇರಿಯಿಂದ ಕೆಲವೇ ಮೈಲಿ ದೂರದಲ್ಲಿದ್ದರು. ರಸ್ತೆ ಹೋಯಿತು, ಅಷ್ಟೆ. ಎರಡು ದಿನ ಬದುಕಿದ್ದಾರೋ ಇಲ್ಲವೋ ಗೊತ್ತಾಗಲಿಲ್ಲ. ಹುಟ್ಟಿ ಬೆಳೆದ ಬೆಟ್ಟದಲ್ಲೇ ದಾರಿ ತಪ್ಪಿ ರಾತ್ರಿ ಕಳೆದರು. ಗುಂಡು ಹಾರಿಸುವವರು ಯಾರೂ ಇರಲಿಲ್ಲ, ಊರು ಗೊತ್ತಿತ್ತು, ಆದರೂ ಹಾಗೆ. ಮೇಷ್ಟ್ರೇ, ಬೆಟ್ಟದ ಮೇಲೆ ತಪ್ಪು ಹಾಕಬೇಡಿ ಅಂದಿದ್ದೆ. ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಮಂತ್ರಿಗಳ ಬಗ್ಗೆ ಹೇಳಿದ್ದನ್ನು ಮಾತ್ರ ತೆಗೆಯುವುದಿಲ್ಲ.

ಮಡಿಕೇರಿ ಹುಡುಗಿ:

ಇದರ ವಿಚಾರಣೆ ಆಗಲಿಲ್ಲವೇ ಸರ್?

ವಿರಾಜಪೇಟೆ ಮೇಷ್ಟ್ರು:

ಆಯಿತು. ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಭಗತ್ 1963ರಲ್ಲಿ ವರದಿ ಕೊಟ್ಟರು. ಸರ್ಕಾರ ಅದನ್ನು ಪ್ರಕಟಿಸಲಿಲ್ಲ. 2014ರಲ್ಲಿ ಒಬ್ಬ ವಿದೇಶಿ ಪತ್ರಕರ್ತ ಅದರ ಒಂದು ಭಾಗವನ್ನು ಹೊರಹಾಕಿದರು. ಮಗನನ್ನೋ ತಮ್ಮನನ್ನೋ ಕಳೆದುಕೊಂಡ ಮನೆಯವರಿಗೆ ಯಾಕೆ ಎಂದು ಹೇಳುವ ಕಾಗದ ಕಪಾಟಿನಲ್ಲೇ ಉಳಿಯಿತು. ಇದು ನನಗೆ ಅತ್ಯಂತ ಸಂಕಟದ ವಿಷಯ.

ಸುಬೇದಾರ್ (ನಿವೃತ್ತ), ಸಿದ್ದಾಪುರ:

ನಾಪೋಕ್ಲು ಅವರೇ, ತವಾಂಗ್‌ನಲ್ಲಿ ಒಂದು ಸ್ಮಾರಕ ಇದೆ, ಸ್ತೂಪದ ಹಾಗೆ ಕಟ್ಟಿದ್ದಾರೆ. ನಾಮ್ಕಾ ಚು, ತವಾಂಗ್, ಸೇಲಾ, ಬೊಮ್ಡಿಲಾ ಸೇರಿದ ಆ ಕಾಮೆಂಗ್ ವಿಭಾಗದಲ್ಲಿ ಹೋದ, ಕಾಣೆಯಾಗಿ ಸಿಗದವರೂ ಸೇರಿ, 2,420 ಜನರ ಹೆಸರು ಅಲ್ಲಿ ಬರೆದಿದೆ. ಇಡೀ ಯುದ್ಧದಲ್ಲಿ ಸತ್ತವರು, ಕಾಣೆಯಾದವರು ಇಬ್ಬರನ್ನೂ ಸೇರಿಸಿದರೆ ಬಹುಪಾಲು ಆ ಒಂದೇ ವಿಭಾಗದ್ದು. ಬಂದೂಕು, ಬಟ್ಟೆ ಎಲ್ಲ ಕಡೆ ಒಂದೇ ಇತ್ತು ಅನ್ನುವುದನ್ನು ಹುಡುಗನಿಗೆ ಹೇಳಿ, ಅವನಿಗೆ ಅರ್ಥ ಆಗುತ್ತದೆ.

ನನ್ನ ತಂಗಿಯ ಮಗ ಈಗ ಆ ಕಡೆ ಡ್ಯೂಟಿಯಲ್ಲಿದ್ದಾನೆ. ನಿಮ್ಮವರ ಆರ್ಮಿ ನಂಬರ್ ಮನೆಯಲ್ಲಿ ಇದೆಯಾ? ಹೆಸರು, ಮನೆ ಹೆಸರು, ನಂಬರ್ ಮೂರೂ ಕಳಿಸಿ. ಸಿಗ್ನಲ್ಸ್‌ನವರ ಹೆಸರುಗಳನ್ನು ಅವನು ನೋಡಿ ಫೋಟೋ ತೆಗೆದು ಕಳಿಸುತ್ತಾನೆ.

ನಾಪೋಕ್ಲು ತೋಟ:

ಎಲ್ಲವನ್ನೂ ಮಗನಿಗೆ ಓದಿ ಹೇಳಿದೆ. ಅವನು ನೋಟ್‌ಬುಕ್ಕಿನಲ್ಲಿ ನಕ್ಷೆ ಬರೆದಿದ್ದಾನೆ. ಮೇಲೆ ನಾಮ್ಕಾ ಚು, ಕೆಳಗೆ ತವಾಂಗ್, ಸೇಲಾ, ದಿರಾಂಗ್, ಬೊಮ್ಡಿಲಾ, ಪಕ್ಕದಲ್ಲಿ ಭೂತಾನ್. ಸೇಲಾದಿಂದ ಭೂತಾನಿಗೆ ಎಷ್ಟು ದೂರ, ಎಷ್ಟು ದಿನ ನಡೆಯಬೇಕು ಅಂತ ಕೇಳುತ್ತಿದ್ದಾನೆ ಸುಬೇದಾರ್ ಮಾವ, ನಿಮಗೆ ಗೊತ್ತಿದ್ದರೆ ಬರೆಯಿರಿ.

ನಂಬರ್ ಸಿಕ್ಕಿತು. ಅಜ್ಜಿಯ ಪೆಟ್ಟಿಗೆಯಲ್ಲಿ ಆ ತಂತಿಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ. ನಿಮ್ಮ ಇನ್‌ಬಾಕ್ಸ್‌ಗೆ ಹಾಕಿದ್ದೇನೆ. ಕೊನೆಯ ಎರಡು ಅಂಕಿ ಸ್ವಲ್ಪ ಮಾಸಿದೆ, 38 ಅಥವಾ 33, ಎರಡನ್ನೂ ನೋಡಲು ಹೇಳಿ.